ಚೊಚ್ಚಲ ಬಸಿರು, ಇಬ್ಬರ ಹೊಣೆ: ಗಂಡ ಹೆಂಡತಿ ಮನೆಯಲ್ಲಿ ಮಾಡಿಕೊಳ್ಳಬೇಕಾದ ಏರ್ಪಾಡುಗಳು

ಬಸಿರು ಖಚಿತವಾದ ದಿನದಿಂದ ಮನೆಯಲ್ಲಿ ಎರಡು ಬಗೆಯ ಕೆಲಸ ಹೆಚ್ಚುತ್ತದೆ. ಒಂದು ಕಣ್ಣಿಗೆ ಕಾಣುವಂಥದ್ದು: ಅಡುಗೆ, ಬಟ್ಟೆ, ಆಸ್ಪತ್ರೆಯ ಓಡಾಟ. ಇನ್ನೊಂದು ಕಾಣದ್ದು: ಯಾವ ಮಾತ್ರೆ ಯಾವಾಗ, ಮುಂದಿನ ಸ್ಕ್ಯಾನ್ ಎಂದು, ಅಮ್ಮ ಒಂದು ಹೇಳಿ ಅತ್ತೆ ಇನ್ನೊಂದು ಹೇಳಿದರೆ ಯಾರಿಗೆ ಹೇಗೆ ಉತ್ತರ ಕೊಡುವುದು. ಮೊದಲನೆಯದಕ್ಕೆ ಈಗ ಎಷ್ಟೋ ಗಂಡಂದಿರು ಕೈಹಾಕುತ್ತಾರೆ. ಎರಡನೆಯದು ಮಾತ್ರ ಹೆಂಡತಿಯ ತಲೆಯಲ್ಲೇ ಉಳಿಯುತ್ತದೆ, ಜಗಳ ಹುಟ್ಟುವುದೂ ಅಲ್ಲಿಂದಲೇ. "ಏನು ಮಾಡಬೇಕು ಹೇಳು, ಮಾಡ್ತೀನಿ" ಎಂದರೆ ನೆನಪಿಟ್ಟು ಹೇಳುವ ಹೊರೆ ಅವಳ ಮೇಲೇ ಉಳಿಯಿತು. ಹಾಗಾಗಿ ಕೆಲವು ಕೆಲಸಗಳನ್ನು ನೆನಪಿಡುವುದರಿಂದ ಹಿಡಿದು ಮುಗಿಸುವವರೆಗೆ ಗಂಡನೇ ಪೂರ್ತಿ ವಹಿಸಿಕೊಳ್ಳಬೇಕು. ಅವು ಯಾವುವು ಎಂಬುದನ್ನು ತಿಂಗಳ ಕ್ರಮದಲ್ಲೇ ನೋಡೋಣ.

ದಿನಾಂಕ ಮತ್ತು ಫೈಲು

ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಲೆಕ್ಕ ಹಾಕಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಸುಲಭವಾಗಿ ಹೇಳುವುದಾದರೆ ಆ ದಿನಕ್ಕೆ ಏಳು ದಿನ ಕೂಡಿಸಿ, ತಿಂಗಳಲ್ಲಿ ಮೂರು ಕಳೆಯಿರಿ: ಮಾರ್ಚ್ 10ಕ್ಕೆ ಮುಟ್ಟಾಗಿದ್ದರೆ ಡಿಸೆಂಬರ್ 17. ಇದು ಅಂದಾಜು ಮಾತ್ರ. 37 ವಾರ ತುಂಬಿದ ಮೇಲೆ ಯಾವ ದಿನ ಬೇಕಾದರೂ ನೋವು ಬರಬಹುದು. ಆದ್ದರಿಂದ ನೆಂಟರಿಗೆ "ಡಿಸೆಂಬರ್‌ನಲ್ಲಿ" ಎಂದು ಹೇಳಿ ನಿಲ್ಲಿಸಿ. ತಾರೀಕು ಹೇಳಿದರೆ ಆ ದಿನ ದಾಟಿದ ಮೇಲೆ ಗಂಟೆಗೊಂದು ಫೋನ್ ಬರುತ್ತದೆ.

ಎಂಟನೇ ವಾರದೊಳಗೆ ಡಾಕ್ಟರನ್ನು ನೋಡಿ. ಖಾಸಗಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದರೂ ನಿಮ್ಮ ಬಡಾವಣೆಯ ಆಶಾ ಕಾರ್ಯಕರ್ತೆಯ ಮೂಲಕ 12 ವಾರದೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳುವುದು ಒಳ್ಳೆಯದು. ನಡುರಾತ್ರಿ ಸರ್ಕಾರಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಅದೊಂದು ಕಾರ್ಡಿನಲ್ಲಿ ಎಲ್ಲ ವಿವರ ಇರುತ್ತದೆ. ಮಾತೃವಂದನಾ ಯೋಜನೆಯಡಿ ಅರ್ಹ ಕುಟುಂಬಗಳಿಗೆ ಮೊದಲ ಮಗುವಿಗೆ ಸಿಗುವ 5,000 ರೂಪಾಯಿಗೂ ಈ ನೋಂದಣಿಯೇ ಆಧಾರ.

ಫೈಲು ಗಂಡನ ಜವಾಬ್ದಾರಿ. ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಎಲ್ಲ ವರದಿಗಳನ್ನೂ ತಾರೀಕಿನ ಪ್ರಕಾರ ಜೋಡಿಸಿ, ಹೊಸದು ಮೇಲೆ ಬರಲಿ. ಮೊದಲ ಹಾಳೆಯಲ್ಲಿ ದೊಡ್ಡದಾಗಿ ಬರೆದಿಡಿ: ರಕ್ತದ ಗುಂಪು, ಒಗ್ಗದ ಔಷಧಿಗಳು, ಹೆರಿಗೆಯ ಅಂದಾಜು ದಿನ, ಇಬ್ಬರ ಫೋನ್ ನಂಬರ್. ಪ್ರತಿ ಹಾಳೆಯ ಫೋಟೋ ಇಬ್ಬರ ಮೊಬೈಲಿನಲ್ಲೂ ಇರಲಿ. ಸ್ಕ್ಯಾನ್ ವರದಿಯ ಕಾಗದದ ಮೇಲಿನ ಚಿತ್ರ ಕೆಲವೇ ತಿಂಗಳಲ್ಲಿ ಮಾಸಿಹೋಗಬಹುದು. ಫೋಟೋ ಉಪಯೋಗಕ್ಕೆ ಬರುವುದು ಆಗಲೇ.

ಮೊಬೈಲ್ ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಬೇಕಾದ ದಿನಗಳಿವು. 11ರಿಂದ 13 ವಾರ 6 ದಿನದೊಳಗೆ ಎನ್.ಟಿ. ಸ್ಕ್ಯಾನ್, ಅಂದರೆ ಮಗುವಿನ ಕತ್ತಿನ ಹಿಂದೆ ಸೇರುವ ದ್ರವದ ದಪ್ಪ ಅಳೆಯುವುದು. ಈ ಅವಧಿ ತಪ್ಪಿದರೆ ಆ ಅಳತೆಯನ್ನು ಮತ್ತೆ ತೆಗೆಯಲಾಗದು. 18ರಿಂದ 20 ವಾರದೊಳಗೆ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್. ಇದು ತಡವಾದರೆ, ಏನಾದರೂ ಅನುಮಾನ ಬಂದಾಗ ಮುಂದಿನ ಪರೀಕ್ಷೆಗಳಿಗೆ ಸಮಯ ಸಾಲದು. 24ರಿಂದ 28 ವಾರದ ನಡುವೆ 75 ಗ್ರಾಂ ಗ್ಲುಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ. ಅವಳ ರಕ್ತ ನೆಗೆಟಿವ್, ಅವನದು ಪಾಸಿಟಿವ್ ಆದರೆ ಅವಳ ದೇಹ ಮಗುವಿನ ರಕ್ತದ ವಿರುದ್ಧ ಪ್ರತಿಕಾಯ ಬೆಳೆಸದಂತೆ ತಡೆಯಲು 28ನೇ ವಾರಕ್ಕೆ ಆಂಟಿ-ಡಿ ಇಂಜೆಕ್ಷನ್, ಮಗು ಪಾಸಿಟಿವ್ ಆಗಿ ಹುಟ್ಟಿದರೆ 72 ಗಂಟೆಯೊಳಗೆ ಇನ್ನೊಮ್ಮೆ. ಗಂಡ ತನ್ನ ರಕ್ತದ ಗುಂಪನ್ನು ಅಂದಾಜಿನಿಂದ ಹೇಳದೆ ಮೊದಲ ಭೇಟಿಯಲ್ಲೇ ಪರೀಕ್ಷೆ ಮಾಡಿಸಿಕೊಳ್ಳಲಿ. ಸ್ಕ್ಯಾನ್ ಕೋಣೆಯಲ್ಲಿ ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಅಪರಾಧ. ಊರಿನಿಂದ ಆ ಪ್ರಶ್ನೆ ಬಂದರೆ ಉತ್ತರಿಸಬೇಕಾದವನು ಗಂಡ.

ವಾಂತಿಯ ದಿನಗಳ ಅಡುಗೆಮನೆ

ಸುಮಾರು ಆರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ವಾಸನೆಯೇ ದೊಡ್ಡ ಕಷ್ಟ. ಒಗ್ಗರಣೆ, ಕುಕ್ಕರಿನ ಹಬೆ, ಹಾಲು ಉಕ್ಕುವ ವಾಸನೆ, ಫ್ರಿಜ್ ಬಾಗಿಲು ತೆಗೆದಾಗ ಬರುವ ಮಿಶ್ರ ವಾಸನೆ, ಇವು ಹೆಚ್ಚು ತೊಂದರೆ ಕೊಡುತ್ತವೆ. ಆ ಎರಡು ತಿಂಗಳು ಅಡುಗೆ ಗಂಡ ಮಾಡಬೇಕು. ಬಾರದಿದ್ದರೆ ಅನ್ನ, ತಿಳಿಸಾರು, ಇಡ್ಲಿ, ಮೊಸರನ್ನ ಈ ನಾಲ್ಕನ್ನು ಕಲಿತರೆ ದಿನ ಸಾಗುತ್ತದೆ. ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆರೆದು, ಎಕ್ಸಾಸ್ಟ್ ಫ್ಯಾನ್ ಹಾಕಿ. ಬಿಸಿ ಊಟಕ್ಕಿಂತ ಆರಿದ ಊಟದ ವಾಸನೆ ಕಡಿಮೆ, ಅದಕ್ಕೇ ಎಷ್ಟೋ ಬಸುರಿಯರಿಗೆ ತಣ್ಣನೆಯ ಮೊಸರನ್ನ ಒಗ್ಗುತ್ತದೆ.

ರಾತ್ರಿ ಮಲಗುವ ಮುಂಚೆ ಹಾಸಿಗೆಯ ಪಕ್ಕ ಒಂದು ಡಬ್ಬಿಯಲ್ಲಿ ಮಂಡಕ್ಕಿ, ರಸ್ಕ್ ಅಥವಾ ಅರಳು ಇಡಿ. ಬೆಳಿಗ್ಗೆ ಏಳುವ ಮುಂಚೆ ಒಂದು ಹಿಡಿ ತಿಂದು, ಹದಿನೈದು ನಿಮಿಷ ಹಾಗೇ ಮಲಗಿದ್ದು, ಆಮೇಲೆ ನಿಧಾನಕ್ಕೆ ಏಳಲಿ. ಖಾಲಿ ಹೊಟ್ಟೆಯಲ್ಲಿ ಥಟ್ಟನೆ ಎದ್ದರೆ ವಾಕರಿಕೆ ಹೆಚ್ಚುತ್ತದೆ. ಹಗಲಲ್ಲಿ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಲಿ, ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಗುಟುಕರಿಸಲಿ. ಇಡೀ ದಿನ ನೀರೂ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರವೇ ಆಗದಿದ್ದರೆ ಅಥವಾ ಗಾಢ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಮಾಮೂಲಿ ಬಸಿರ ವಾಂತಿ ಎಂದು ಬಿಡಬೇಡಿ. ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಬೇಕಾಗುತ್ತದೆ.

ಮಾತ್ರೆಗಳ ಗಡಿಯಾರ

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲೇ. ಮಾತ್ರೆ ನುಂಗಿಯೂ ಹಿಮೋಗ್ಲೋಬಿನ್ ಏರದಿರುವುದಕ್ಕೆ ಬಹಳ ಸಲ ಹೊತ್ತು ತಪ್ಪಿ ನುಂಗಿರುವುದೇ ಕಾರಣ. ಮೊದಲ ಮೂರು ತಿಂಗಳು ಫೋಲಿಕ್ ಆಸಿಡ್. ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ, ಕನಿಷ್ಠ 180 ದಿನ. ಸರ್ಕಾರಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಆ ನಾಲ್ಕನೇ ತಿಂಗಳಿಂದಲೇ 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆ ಎರಡು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, ಆಗ ಕಬ್ಬಿಣದ ಪ್ರಮಾಣವನ್ನು ಡಾಕ್ಟರ್ ಹೆಚ್ಚಿಸುತ್ತಾರೆ.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಹೋದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಾಫಿ, ಟೀ, ಹಾಲು ಕೂಡ ಅದನ್ನು ತಡೆಯುತ್ತವೆ. ಆದ್ದರಿಂದ ಹೀಗೆ ಹಂಚಿಕೊಳ್ಳಿ: ಬೆಳಿಗ್ಗೆ 8:30ಕ್ಕೆ ತಿಂಡಿಯ ಜೊತೆ ಒಂದು ಕ್ಯಾಲ್ಸಿಯಂ, 11:30ಕ್ಕೆ ನಿಂಬೆ ಪಾನಕದ ಜೊತೆ ಕಬ್ಬಿಣ, 1 ಗಂಟೆಗೆ ಊಟ, ರಾತ್ರಿ 8:30ಕ್ಕೆ ಊಟದ ಜೊತೆ ಇನ್ನೊಂದು ಕ್ಯಾಲ್ಸಿಯಂ. ಥೈರಾಯ್ಡ್ ಮಾತ್ರೆ ಇದ್ದರೆ ಲೆಕ್ಕ ಬದಲಾಗುತ್ತದೆ. ಅದನ್ನು ಬೆಳಿಗ್ಗೆ 6:30ಕ್ಕೆ ಬರಿ ನೀರಿನಲ್ಲಿ ತೆಗೆದುಕೊಂಡು, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಅದರಿಂದ ನಾಲ್ಕು ಗಂಟೆ ಅಂತರ ಬೇಕು. ಆಗ ಕಬ್ಬಿಣ 10:30ಕ್ಕೆ, ಬೆಳಗಿನ ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಸರಿಯುತ್ತದೆ.

ಕಬ್ಬಿಣದಿಂದ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹೊಟ್ಟೆ ಕಟ್ಟುತ್ತದೆ, ಅದಕ್ಕೆ ಸೊಪ್ಪು, ಪಚ್ಚಬಾಳೆ, ನೆನೆಸಿದ ಒಣದ್ರಾಕ್ಷಿ, ದಿನಕ್ಕೆ ಎಂಟು ಹತ್ತು ಲೋಟ ನೀರು. ಹೊಟ್ಟೆ ತೊಳಸುತ್ತದೆಂದು ಎಷ್ಟೋ ಜನ ಸದ್ದಿಲ್ಲದೆ ಮಾತ್ರೆ ಬಿಟ್ಟುಬಿಡುತ್ತಾರೆ. ಬಿಡುವ ಬದಲು ಊಟದ ಜೊತೆಗೇ ನುಂಗಲಿ. ಹೀರಿಕೆ ಸ್ವಲ್ಪ ಕಡಿಮೆಯಾದರೂ ಏನೂ ಇಲ್ಲದ್ದಕ್ಕಿಂತ ಮೇಲು. ಆ ಊಟದಲ್ಲಿ ಮೊಸರು ಬೇಡ ಅಷ್ಟೆ. ಅದೂ ಆಗದಿದ್ದರೆ ಡಾಕ್ಟರಿಗೆ ಹೇಳಿ ಬೇರೆ ಬಗೆಯ ಕಬ್ಬಿಣ ಬರೆಸಿಕೊಳ್ಳಿ.

ಭಾನುವಾರ ರಾತ್ರಿ ಏಳು ದಿನದ ಮಾತ್ರೆಗಳನ್ನು ಡಬ್ಬಿಗೆ ತುಂಬುವುದು, ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಅಂಗಡಿಗೆ ಹೋಗುವುದು ಗಂಡನ ಪಾಲಿನ ಕೆಲಸ. "ಮಾತ್ರೆ ತಗೊಂಡ್ಯಾ?" ಎಂದು ದಿನಕ್ಕೆ ಮೂರು ಸಲ ಕೇಳಬೇಡಿ, ಡಬ್ಬಿ ನೋಡಿದರೆ ಗೊತ್ತಾಗುತ್ತದೆ.

ತಟ್ಟೆಯಲ್ಲಿ ಏನು, ಎಷ್ಟು

"ಇಬ್ಬರ ಊಟ ಮಾಡು" ಎನ್ನುವುದು ಪ್ರೀತಿಯ ಮಾತು, ಲೆಕ್ಕ ಮಾತ್ರ ಸರಿಯಿಲ್ಲ. ನಾಲ್ಕನೇ ತಿಂಗಳ ನಂತರ ದಿನಕ್ಕೆ ಹೆಚ್ಚಿಗೆ ಬೇಕಾದದ್ದು ಸುಮಾರು 350 ಕ್ಯಾಲೊರಿ: ಒಂದು ಲೋಟ ಹಾಲು, ಒಂದು ಮೊಟ್ಟೆ ಅಥವಾ ಒಂದು ಬಟ್ಟಲು ಕಾಳುಪಲ್ಯ, ಒಂದು ಬಾಳೆಹಣ್ಣು ಸೇರಿದರೆ ಅಷ್ಟಾಯಿತು. ಅನ್ನವನ್ನು ಇಮ್ಮಡಿ ಮಾಡಿದರೆ ಸಕ್ಕರೆ ಏರುವುದಷ್ಟೆ. ನಮ್ಮ ಊಟದಲ್ಲಿ ಕೊರತೆ ಬೀಳುವುದು ಪ್ರೋಟೀನ್. ಸಾರಿನ ತಿಳಿ ಅವಳ ತಟ್ಟೆಗೆ, ತಳದ ಬೇಳೆ ಬೇರೆಯವರಿಗೆ ಆಗದಿರಲಿ. ಹೆಸರುಕಾಳು, ಹುರುಳಿ, ಅವರೆ, ಮೊಟ್ಟೆ, ಚೆನ್ನಾಗಿ ಬೇಯಿಸಿದ ಮೀನು ಮಾಂಸ, ಮನೆಯಲ್ಲಿ ಯಾವುದು ರೂಢಿಯೋ ಅದು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ದಿನಕ್ಕೊಂದು ಮುದ್ದೆಯೋ ಅಂಬಲಿಯೋ ಇರಲಿ.

ಕಳಿತ ಪಪ್ಪಾಯಿ ಒಂದೆರಡು ಹೋಳು ತಿಂದರೆ ತೊಂದರೆಯಿಲ್ಲ, ಬೇಡವೆನ್ನುವುದು ಹಾಲು ಸುರಿಯುವ ಕಾಯಿಯನ್ನು. ಕೇಸರಿ ಹಾಲಿನಿಂದ ಮಗುವಿನ ಬಣ್ಣ ಬದಲಾಗುವುದಿಲ್ಲ. ಗ್ರಹಣದ ದಿನ ಒಳಗೆ ಕುಳಿತಿರಲಿ, ಹಿರಿಯರ ಸಮಾಧಾನಕ್ಕೆ ಅಷ್ಟು ಮಾಡಬಹುದು, ಆದರೆ ಗಂಟೆಗಟ್ಟಲೆ ಅನ್ನ ನೀರು ಬಿಡಿಸುವುದು ತಪ್ಪು. ಕಾಫಿ ಎರಡು ಸಣ್ಣ ಲೋಟಕ್ಕೆ ನಿಲ್ಲಲಿ. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನಬೇಕೆಂಬ ಆಸೆ ಬಂದರೆ ಅದನ್ನು ಬಯಕೆ ಎಂದು ನಕ್ಕು ಬಿಡಬೇಡಿ, ಹೆಚ್ಚಿನ ಸಲ ಅದು ಕಬ್ಬಿಣದ ಕೊರತೆಯ ಗುರುತು. ನಾಚಿಕೆಯಿಂದ ಅವಳು ಮುಚ್ಚಿಡಬಹುದು, ಬೈಯದೆ ಕೇಳಿ.

ಭಾರ, ಬಚ್ಚಲು, ಸ್ಕೂಟರು, ಹಾಸಿಗೆ

ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ, ನೀರಿನ ಕ್ಯಾನ್ 20 ಕಿಲೋ. ಇವೆರಡನ್ನೂ ಅವಳು ಎಳೆಯಲೂ ಬಾರದು. ತಿಂಗಳು ತುಂಬುತ್ತ ಕೀಲುಗಳ ಹಿಡಿತ ಸಡಿಲವಾಗಿ, ದೇಹದ ತೂಕ ಮುಂದಕ್ಕೆ ವಾಲುತ್ತದೆ. ಬೀಳುವ ಅಪಾಯ ಹೆಚ್ಚು ಇರುವುದು ಬಚ್ಚಲಿನಲ್ಲಿ. ಬೆಳಿಗ್ಗೆ ಸ್ನಾನ ಮಾಡಿದವರು ನೆಲದ ನೀರನ್ನು ವೈಪರಿನಿಂದ ಎಳೆದೇ ಹೊರಬರಬೇಕು. ಎಣ್ಣೆಸ್ನಾನದ ದಿನ ನೆಲವನ್ನು ಸೋಪಿನಲ್ಲಿ ತೊಳೆಯಿರಿ. ರಬ್ಬರ್ ಚಾಪೆ ಹಾಸಿ, ಗೋಡೆಗೊಂದು ಹಿಡಿಕೆ ಹಾಕಿಸಿ, ಸ್ಟೂಲ್ ಇಡಿ.

ಸ್ಕೂಟರಿನಲ್ಲಿ ಒಂದೇ ಕಡೆ ಕಾಲು ಹಾಕಿ ಕೂರುವುದು ಬಿಡಲಿ, ಎರಡೂ ಕಡೆ ಕಾಲು ಹಾಕಿ ಹೆಲ್ಮೆಟ್ ಧರಿಸಿ ಕೂರಲಿ. ಆರನೇ ತಿಂಗಳ ನಂತರ ಆಟೋ, ಕಾರು ಮೇಲು. ಕಾರಿನಲ್ಲಿ ಸೀಟ್ ಬೆಲ್ಟ್ ಬಿಡುವುದು ಅಪಾಯ: ಕೆಳಪಟ್ಟಿ ಹೊಟ್ಟೆಯ ಕೆಳಗೆ, ತೊಡೆಯ ಬುಡಕ್ಕೆ ತಾಗಿರಲಿ, ಮೇಲ್ಪಟ್ಟಿ ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಲಿ. ಬಸ್ಸಿನಲ್ಲಿ ಹಿಂಚಕ್ರದ ಮೇಲಿನ ಸೀಟು ಹೆಚ್ಚು ಕುಲುಕುತ್ತದೆ, ನಡುವಿನ ಸೀಟು ಹಿಡಿಯಿರಿ.

28 ವಾರದ ನಂತರ ಅಂಗಾತ ಮಲಗಿ ನಿದ್ದೆ ಹೋಗಬಾರದು, ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಅದುಮುತ್ತದೆ. ಮಗ್ಗುಲಾಗಿ, ಮಂಡಿಗಳ ನಡುವೆ ದಿಂಬು, ಹೊಟ್ಟೆಯ ಕೆಳಗೆ ಮಡಚಿದ ಹಳೆಯ ಸೀರೆ. ನಡುರಾತ್ರಿ ಮೀನಖಂಡ ಹಿಡಿದುಕೊಂಡರೆ ಗಂಡ ಎದ್ದು ಅವಳ ಮಂಡಿ ನೇರ ಮಾಡಿಸಿ, ಪಾದದ ಬೆರಳುಗಳನ್ನು ಮೊಣಕಾಲಿನತ್ತ ಮೆಲ್ಲಗೆ ಒತ್ತಿ ಹಿಡಿಯಲಿ, ಅರ್ಧ ನಿಮಿಷಕ್ಕೆ ಬಿಡುತ್ತದೆ. ಮನೆಯೊಳಗೆ ಸಿಗರೇಟು ಖಂಡಿತ ಇಲ್ಲ, ಬಾಲ್ಕನಿಯಲ್ಲಿ ಸೇದಿದರೂ ಹೊಗೆ ಒಳಗೆ ಬರುತ್ತದೆ. ಸೊಳ್ಳೆಗೆ ಕಾಯಿಲ್ ಬದಲು ಪರದೆ ಕಟ್ಟಿ.

ದಾಂಪತ್ಯದ ಸಂಗ

ಕೇಳಲು ಸಂಕೋಚ, ಹೇಳುವವರಿಲ್ಲ, ಹಾಗಾಗಿ ಎಷ್ಟೋ ಜೋಡಿಗಳು ಒಂಬತ್ತು ತಿಂಗಳು ಒಬ್ಬರನ್ನೊಬ್ಬರು ಮುಟ್ಟದೆ ದೂರವಾಗುತ್ತಾರೆ. ತೊಡಕಿಲ್ಲದ ಬಸಿರಿನಲ್ಲಿ ದೈಹಿಕ ಸಂಬಂಧದಿಂದ ಮಗುವಿಗೆ ಪೆಟ್ಟಾಗುವುದಿಲ್ಲ, ಗರ್ಭಕೋಶದ ಬಾಯಿ ಮುಚ್ಚಿರುತ್ತದೆ, ಮಗು ನೀರಿನ ಚೀಲದೊಳಗಿರುತ್ತದೆ. ರಕ್ತಸ್ರಾವ, ಮಾಸು (ಪ್ಲಾಸೆಂಟಾ) ಕೆಳಗಿರುವುದು, ಗರ್ಭಕೋಶದ ಬಾಯಿಯ ಉದ್ದ ಕಡಿಮೆಯಾಗಿರುವುದು, ನೀರು ಸೋರುವುದು, ಅವಧಿಗೆ ಮುಂಚಿನ ನೋವು, ಇವು ಇದ್ದರೆ ಮಾತ್ರ ಬೇಡ. ಡಾಕ್ಟರಿಗೆ ಗಂಡನೇ ನೇರವಾಗಿ ಕೇಳಲಿ: "ನಮಗೆ ಏನಾದರೂ ನಿರ್ಬಂಧ ಇದೆಯಾ?" ಐದಾರು ತಿಂಗಳ ನಂತರ ಹೊಟ್ಟೆಯ ಮೇಲೆ ಭಾರ ಬೀಳದಂತೆ ಮಗ್ಗುಲಾಗಿರುವುದು ಹಿತ. ಮೊದಲ ಮೂರು ತಿಂಗಳ ಸುಸ್ತಿನಲ್ಲಿ, ಕೊನೆಯ ತಿಂಗಳ ಭಾರದಲ್ಲಿ ಅವಳಿಗೆ ಮನಸ್ಸಿಲ್ಲದಿರುವುದು ಸಹಜ, ಅದು ಗಂಡನನ್ನು ತಳ್ಳಿದಂತಲ್ಲ. ಬೆನ್ನು ನೀವುವುದು, ಕಾಲಿಗೆ ಎಣ್ಣೆ ಹಚ್ಚುವುದು ಆ ದಿನಗಳ ಸಂಗವೇ.

ಮನಸ್ಸಿನ ಬಗ್ಗೆ ಒಂದು ಮಾತು. ಅಳು, ಸಿಡುಕು ಬಂದು ಹೋಗುತ್ತವೆ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆಯಿಲ್ಲ, ಬದುಕು ಬೇಡ ಎನ್ನುವ ಮಾತು ಬಂದರೆ ಡಾಕ್ಟರಿಗೆ ತಿಳಿಸಿ. 14416 ಟೆಲಿ-ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆತಂಕ ಗಂಡನಿಗೂ ಆಗುತ್ತದೆ, ಅವನೂ ಅದೇ ನಂಬರಿಗೆ ಕರೆ ಮಾಡಬಹುದು.

ತವರಿಗೋ, ಇಲ್ಲಿಯೋ

ಮೊದಲ ಬಾಣಂತನ ತವರಿನಲ್ಲಿ ಎಂಬುದು ನಮ್ಮಲ್ಲಿ ಬಹಳ ಕಡೆ ರೂಢಿ. ಏಳನೇ ತಿಂಗಳಲ್ಲಿ ಸೀಮಂತ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ ಕರೆದೊಯ್ಯುತ್ತಾರೆ. ಅವಳ ನಿದ್ದೆ, ಆರೈಕೆ, ಅಮ್ಮನ ಕೈ ಊಟಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ತೊಡಕಾಗುವುದು ಈ ನಿರ್ಧಾರ ಸೀಮಂತದ ದಿನದ ಮಾತಿನಲ್ಲಿ ಆಗಿಹೋದಾಗ. 20ನೇ ವಾರದ ಸ್ಕ್ಯಾನ್ ಮುಗಿದ ಕೂಡಲೇ ಗಂಡ ಹೆಂಡತಿ ಇಬ್ಬರೇ ಕೂತು ಇದನ್ನು ನಿರ್ಧರಿಸಿ, ಆಮೇಲೆ ಎರಡೂ ಮನೆಯವರಿಗೆ ಹೇಳಿ.

ನೋಡಬೇಕಾದದ್ದು ಇಷ್ಟು. ತವರಿನಿಂದ ಸಿಸೇರಿಯನ್ ಮಾಡಬಲ್ಲ, ರಕ್ತ ಸಿಗುವ, ಎಳೆಗೂಸಿನ ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ? ಮಳೆಗಾಲವಾದರೆ, ಮಲೆನಾಡಿನ ಊರಾದರೆ, ಆ ದಾರಿ ರಾತ್ರಿ ಹೇಗಿರುತ್ತದೆ? ಬಿಪಿ, ಸಕ್ಕರೆ, ಅವಳಿ ಮಕ್ಕಳು, ಮಾಸು ಕೆಳಗಿರುವುದು, ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆ ಹತ್ತಿರವಿರುವ ಕಡೆಯೇ ಹೆರಿಗೆ ಆಗಲಿ, ಬಾಣಂತನಕ್ಕೆ ಆಮೇಲೆ ಹೋಗಬಹುದು. ಅಮ್ಮನಿಗೇ ಮಂಡಿನೋವು, ಮನೆಯಲ್ಲಿ ಇನ್ನೊಬ್ಬರು ಹಾಸಿಗೆ ಹಿಡಿದಿದ್ದಾರೆ ಎಂದಾದರೆ ಅಮ್ಮನನ್ನೇ ಇಲ್ಲಿಗೆ ಕರೆಸಿಕೊಳ್ಳುವುದೂ ಒಂದು ದಾರಿ, ಅದರಿಂದ ತವರಿಗೆ ಅವಮಾನವಿಲ್ಲ.

ಹೋಗುವುದೆಂದಾದರೆ 32ರಿಂದ 34 ವಾರದೊಳಗೆ ಹೋಗಿ, ಅಲ್ಲಿನ ಡಾಕ್ಟರನ್ನು ಹೆರಿಗೆಗೆ ಮುಂಚೆ ಎರಡು ಮೂರು ಸಲವಾದರೂ ಕಾಣಲಿ. ನೋವು ಶುರುವಾದ ಮೇಲೆ ಗುರುತಿಲ್ಲದ ಆಸ್ಪತ್ರೆಗೆ ಫೈಲು ಹಿಡಿದು ಓಡುವುದು ಇಬ್ಬರಿಗೂ ಕಷ್ಟ. ಗಂಡ ಒಂದು ಭೇಟಿಗಾದರೂ ಜೊತೆಗಿದ್ದು ಕೇಳಿಕೊಳ್ಳಲಿ: ರಾತ್ರಿ ಡಾಕ್ಟರ್ ಇರುತ್ತಾರಾ, ಹೆರಿಗೆ ಕೋಣೆಯಲ್ಲಿ ಜೊತೆಗೆ ಯಾರನ್ನು ಬಿಡುತ್ತಾರೆ, ಪ್ಯಾಕೇಜಿನಲ್ಲಿ ಏನು ಸೇರಿದೆ, ಮಗುವನ್ನು ನಿಗಾ ಘಟಕಕ್ಕೆ ಹಾಕಿದರೆ ದಿನಕ್ಕೆ ಎಷ್ಟು. ಕೊನೆಯದು ಸಾಮಾನ್ಯವಾಗಿ ಪ್ಯಾಕೇಜಿನ ಹೊರಗೆ, ಬಿಲ್ಲು ಏರುವುದೂ ಅಲ್ಲೇ. ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಹಜ ಹೆರಿಗೆಯೂ ಸಿಸೇರಿಯನ್ನೂ ಉಚಿತ.

ಬಸಿರಾದ ಮೇಲೆ ಕೊಂಡ ವಿಮೆ ಈ ಹೆರಿಗೆಗೆ ಬರುವುದಿಲ್ಲ ಎಂದೇ ಲೆಕ್ಕ ಹಾಕಿ, ಪಾಲಿಸಿಗಳಲ್ಲಿ ಹೆರಿಗೆಗೆ ಕಾಯುವ ಅವಧಿ ಇರುತ್ತದೆ. ಕಂಪನಿಯ ಗುಂಪು ವಿಮೆ ಇದ್ದರೆ ಹೆರಿಗೆಗೆ ಎಷ್ಟು ಮಿತಿ, ಮಗುವಿನ ಹೆಸರು ಎಷ್ಟು ದಿನದೊಳಗೆ ಸೇರಿಸಬೇಕು ಎಂದು ಕೇಳಿ ಬರೆದಿಡಿ. ಅವಳು ಹೆರಿಗೆ ರಜೆಯ ಕಾನೂನಿಗೆ ಒಳಪಡುವ ನೌಕರಿಯಲ್ಲಿದ್ದರೆ 26 ವಾರ ಸಂಬಳ ಸಹಿತ ರಜೆ, ಅದರಲ್ಲಿ ಹೆರಿಗೆಗೆ ಮುಂಚೆ ಗರಿಷ್ಠ 8 ವಾರ. ಗಂಡನಿಗೆ ಸರ್ಕಾರಿ ನೌಕರಿಯಾದರೆ 15 ದಿನ, ಖಾಸಗಿಯಲ್ಲಿ ಕಂಪನಿಯ ನಿಯಮ. ರಜೆಯನ್ನೆಲ್ಲ ಹೆರಿಗೆಯ ದಿನಕ್ಕೇ ಮುಗಿಸದೆ, ಅರ್ಧವನ್ನು ಬಾಣಂತಿ ಮಗು ನಿಮ್ಮ ಮನೆಗೆ ಬರುವ ವಾರಕ್ಕೆ ಉಳಿಸಿಕೊಳ್ಳಿ, ಸಾಧ್ಯವಿದ್ದರೆ. ಆಗ ಅಮ್ಮನೂ ಜೊತೆಗಿರುವುದಿಲ್ಲ.

ಕೊನೆಯ ವಾರಗಳು

28 ವಾರದ ನಂತರ ದಿನಕ್ಕೊಮ್ಮೆ, ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ ಮಗುವಿನ ಓಡಾಟ ಎಣಿಸಲಿ. ಎರಡು ಗಂಟೆಯಲ್ಲಿ ಹತ್ತು ಸಲ ಆಗದಿದ್ದರೆ, ಅಥವಾ ದಿನದ ರೂಢಿಗಿಂತ ಕಡಿಮೆ ಅನ್ನಿಸಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಹೊಟ್ಟೆಯ ಮೇಲ್ಭಾಗದ ನೋವು, 140/90 ಮುಟ್ಟಿದ ಬಿಪಿ, ಜ್ವರ, ರಕ್ತ, ಇವೂ ಹಾಗೇ: ಆ ಕ್ಷಣವೇ ಹೊರಡಿ.

36ನೇ ವಾರಕ್ಕೆ ಚೀಲ ಸಿದ್ಧವಿರಲಿ. ಫೈಲು, ತಾಯಿ ಕಾರ್ಡ್, ಇಬ್ಬರ ಆಧಾರ್, ವಿಮೆ ಕಾರ್ಡ್. ಮುಂದೆ ಗುಂಡಿಯಿರುವ ಮೂರು ನೈಟಿ, ದೊಡ್ಡ ಪ್ಯಾಡು, ಒಳ ಉಡುಪು, ಚಪ್ಪಲಿ. ಮಗುವಿಗೆ ಒಗೆದು ಬಿಸಿಲಲ್ಲಿ ಒಣಗಿಸಿದ ಹಳೆಯ ಹತ್ತಿ ಸೀರೆ ಅಥವಾ ಪಂಚೆಯ ಹತ್ತು ಹನ್ನೆರಡು ತುಂಡು, ಟೋಪಿ, ಕಾಲುಚೀಲ. ಗಂಡನ ಬಟ್ಟೆ, ಉದ್ದ ತಂತಿಯ ಚಾರ್ಜರ್, ಸ್ವಲ್ಪ ನಗದು. ಅವಳ ರಕ್ತದ ಗುಂಪಿನ ಇಬ್ಬರನ್ನು ಮೊದಲೇ ಮಾತಾಡಿಸಿಟ್ಟಿರಿ.

ಹೆರಿಗೆ ನೋವು ಸುಳ್ಳೋ ನಿಜವೋ ತಿಳಿಯಲು ಗಡಿಯಾರ ನೋಡಿ. ಒಂದು ನೋವು ಶುರುವಾದ ಕ್ಷಣದಿಂದ ಮುಂದಿನದು ಶುರುವಾಗುವವರೆಗಿನ ಅಂತರವನ್ನು ಗಂಡ ಬರೆದುಕೊಳ್ಳಲಿ. ನಡೆದಾಡಿದಾಗ ಅಥವಾ ಮಲಗಿದಾಗ ಕಡಿಮೆಯಾದರೆ ಹೆಚ್ಚಾಗಿ ಸುಳ್ಳು ನೋವು. ಐದು ನಿಮಿಷಕ್ಕೊಂದು, ಒಂದೊಂದೂ ಒಂದು ನಿಮಿಷದಷ್ಟು, ಹೀಗೆ ಒಂದು ಗಂಟೆ ಬಿಡದೆ ಬಂದರೆ ಚೊಚ್ಚಲಿಗೆ ಹೊರಡುವ ಹೊತ್ತು. ಆಸ್ಪತ್ರೆ ದೂರವಿದ್ದರೆ, ಅಥವಾ 37 ವಾರ ತುಂಬಿಲ್ಲದಿದ್ದರೆ, ಅಷ್ಟು ಕಾಯಬಾರದು. ನೀರು ಹೋದರೆ ನೋವಿಲ್ಲದಿದ್ದರೂ ಹೊರಡಿ. ಹೋದ ಹೊತ್ತು, ನೀರಿನ ಬಣ್ಣ ಎರಡನ್ನೂ ನೆನಪಿಟ್ಟು ಹೇಳಿ, ಹಸಿರು ಅಥವಾ ಕಂದು ಇದ್ದರೆ ಇನ್ನೂ ತುರ್ತು. ವಾಹನ ಸಿಗದಿದ್ದರೆ 108. ಮನೆಯ ಗುರುತಿಗೆ ಹತ್ತಿರದ ದೇವಸ್ಥಾನವೋ ಶಾಲೆಯೋ ಯಾವುದನ್ನು ಹೇಳಬೇಕೆಂದು ಮೊದಲೇ ಯೋಚಿಸಿಟ್ಟು, ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿ.

ಹೊರಡುವಾಗ ಗ್ಯಾಸ್ ಆರಿಸಿ, ಕೀಲಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು, ಎರಡೂ ಮನೆಯಲ್ಲಿ ಒಬ್ಬೊಬ್ಬರಿಗೆ ಮಾತ್ರ ಫೋನ್ ಮಾಡಿ. ಮಿಕ್ಕವರಿಗೆ ಅವರೇ ತಿಳಿಸಲಿ. ನಿಮ್ಮ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಅವಳ ಬೆನ್ನಿಗೆ.